ಕರಗುವ ಹಿಮದ ಮೇಲೆ ಕರಡಿ

ಹ್ಯಾನ್‌ಕಾಕ್, ಮಿಷಿಗನ್
ಏಪ್ರಿಲ್ ೨೬

ಮುದ್ದು ಕೈಸಾ,

ನಿನ್ನ ಪತ್ರ ಬಂದಾಗ ಅಂಗಳದಲ್ಲಿ ಮೊಣಕಾಲುದ್ದ ಹಿಮವಿತ್ತು, ಈಗ ಕೆಸರಿದೆ. ಅಷ್ಟು ತಡಮಾಡಿದ್ದಕ್ಕೆ ಅಜ್ಜಿಯ ಮೇಲೆ ಮುನಿಯಬೇಡ. ನಿನಗಾಗಿಯೇ ಒಂದು ಸಂಗೀತ ಬರೆಯುತ್ತ ಕುಳಿತಿದ್ದೆ.

ಆಯ್ಕೆಯ ದಿನ ತಂತಿಯ ಮೇಲೆ ಬಿಲ್ಲು ಜಾರಿತು, ಶಾಲೆಯ ವಾದ್ಯವೃಂದಕ್ಕೆ ನನ್ನನ್ನು ಆರಿಸಲಿಲ್ಲ, ಆಳೆತ್ತರದ ಪಿಟೀಲಿನಂಥ ಈ ಡಬಲ್ ಬಾಸನ್ನು ಮಾರಿಬಿಡುತ್ತೇನೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದ ಸಂಜೆ ಸೌನಾ ಸ್ನಾನದ ಕೋಣೆಯ ಹಬೆಯಲ್ಲಿ ಕಣ್ಣು ಮುಚ್ಚಿ ಕುಳಿತೆ. ಕರಗುವ ಹಿಮದ ಮೇಲೆ ಒಂದು ಕರಡಿ ತುದಿಗಾಲಲ್ಲಿ ನಡೆದುಬಂತು. ಅದರ ನೆತ್ತಿಯ ಮೇಲೊಂದು ಗುಬ್ಬಿ, ಗೇಲಿ ಮಾಡುತ್ತ. ಕರಡಿ ನಿನ್ನ ಬಾಸ್, ಗುಬ್ಬಿ ನನ್ನ ಪಿಯಾನೋ. ನಡುವೆ ಕರಡಿ ಸುಮ್ಮನೆ ಅಡಗಿ ಕೂರುತ್ತದೆ, ಗುಬ್ಬಿ ಗಾಬರಿಯಿಂದ ಹುಡುಕುತ್ತದೆ. ಆಮೇಲೆ ನೀನು ದಪ್ಪ ತಂತಿಯನ್ನು ಮೀಟಿ ಕರಡಿಯಂತೆ ಆಕಳಿಸಬೇಕು. ನಿನ್ನ ಕೈಗೆ ಮೀರಿದ್ದೇನೂ ಇಲ್ಲ. ನಿದ್ದೆಗಣ್ಣಲ್ಲಿ ನುಡಿಸುವಷ್ಟು ಸುಲಭವೂ ಅಲ್ಲ.

ಪಕ್ಕದ ಮನೆಯ ವೈನೋಗೆ ತೋರಿಸಿದೆ. ಶನಿವಾರದ ಕುಣಿತಕ್ಕೆ ಬಾಸ್ ನುಡಿಸುವವನು. ನಕ್ಕು ನಕ್ಕು ಕಣ್ಣೊರೆಸಿಕೊಂಡ.

"ಲೆಂಪಿಯಕ್ಕ, ಇದನ್ನ ನುಡಿಸ್ಬೇಕಂದ್ರೆ ನೆಲ ಅಗೀಬೇಕು!"

"ಅಗಿಯೋ. ನಮ್ಮಪ್ಪ ತಾಮ್ರದ ಗಣೀಲಿ ಅಗೀಲಿಲ್ವಾ?"

"ಅಯ್ಯೋ ಮಾರಾಯ್ತಿ, ಬಾಸು ಬರ್ದಿದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಕೇಳ್ಸುತ್ತೆ. ನೀನು ಕಿವಿಗೆ ಕೇಳೋ ಹಾಗೇ ಬರ್ದಿದ್ದೀಯ. ಅಷ್ಟು ಕೆಳಗೆ ನನ್ನತ್ರ ತಂತೀನೇ ಇಲ್ಲ!"

ಗುರುವಿಲ್ಲದೆ ಕಲಿತವಳ ಪಾಡು ಇದು. ಅವನು ಕಾಫಿಯ ಜೊತೆ ನನ್ನ ಏಲಕ್ಕಿ ಬ್ರೆಡ್ಡನ್ನೆಲ್ಲ ಖಾಲಿ ಮಾಡುವಷ್ಟರಲ್ಲಿ ಎಲ್ಲವನ್ನೂ ಅಳಿಸಿ ಮೇಲಕ್ಕೇರಿಸಿದೆ. ಈ ಪತ್ರದ ಜೊತೆಗಿಟ್ಟ ಸಂಗೀತದ ಕಾಗದದಲ್ಲಿ ರಬ್ಬರಿನ ತೂತುಗಳಿವೆ. ಸ್ವರವೆಂದು ತಿಳಿದು ನುಡಿಸಬೇಡ.

ಆಮೇಲೆ ವೈನೋ ನುಡಿಸಿದ. ಅಚ್ಚುಕಟ್ಟಾಗಿತ್ತು. ಆದರೆ ಅವನದು ಪಳಗಿದ ಕರಡಿ, ಜಾರುವುದೇ ಇಲ್ಲ. ನನಗೆ ಜಾರುವ ಕರಡಿಯೇ ಬೇಕು.

ಜೂನ್‌ನಲ್ಲಿ, ಕೆರೆದಂಡೆಯಲ್ಲಿ ನಡುಬೇಸಿಗೆಯ ಹಬ್ಬದ ಬೆಂಕಿ ಹಚ್ಚುವ ದಿನ, ನಮ್ಮ ಊರ ಸಭಾಮಂದಿರದಲ್ಲಿ ಇಬ್ಬರೂ ನುಡಿಸೋಣವೇ? ಮಾರುವುದಿದ್ದರೆ ಅಲ್ಲಿಯತನಕ ತಡೆ. ಬರುತ್ತೀಯೋ ಇಲ್ಲವೋ, ಒಂದು ಸಾಲು ಬರೆ.

ನಿನ್ನ ಬೆರಳು ಬೆಚ್ಚಗಿರಲಿ, ನಿದ್ದೆ ಗಾಢವಾಗಿರಲಿ.

ನಿನ್ನ ಅಜ್ಜಿ
ಲೆಂಪಿ

ತಾ.ಕ.: ಕಿವಿಯ ಡಾಕ್ಟರರ ಹತ್ತಿರ ಹೋಗಿದ್ದೆ. ಮೇಲಿನ ಸ್ವರಗಳು ಒಂದೊಂದಾಗಿ ನನ್ನನ್ನು ಬಿಟ್ಟುಹೋಗಿವೆ, ಮರಳುವುದಿಲ್ಲವಂತೆ. ಪಿಯಾನೋದ ಬಲಗಡೆ ಒತ್ತಿದರೆ ಮರದ ಟಕಟಕ ಮಾತ್ರ. ಗುಬ್ಬಿ ಹಾಡುತ್ತಿದೆಯೆಂದು ನಂಬಿ ಬೆರಳಾಡಿಸುತ್ತೇನೆ. ಬಾಸಿನ ದನಿಯೊಂದು ಮಾತ್ರ ನೆಲದ ಹಲಗೆಯಿಂದ ಪಾದಕ್ಕೆ ಹತ್ತಿ ಬರುತ್ತದೆ. ನಾನು ಹಾಡಿನಲ್ಲಿ ಎಲ್ಲಿದ್ದೇನೆಂದು ಇನ್ನು ನೀನೇ ಹೇಳಬೇಕು, ಮಗಳೇ.