ವಾರಿಜಳ ಪುಟಕ್ಕೆ ದಾರಿ ಇಲ್ಲ

೧೮ ಜೂನ್ ೨೦೨೫, ಬುಧವಾರ. ಉರ್ವ.

ಇಡೀ ದಿನ ತಲೆಯಲ್ಲಿ ಅದೊಂದೇ. ನಮ್ಮ ಕುಟುಂಬದ ಹೊಸ ವೆಬ್‌ಸೈಟಿನಲ್ಲಿ ನನ್ನ ದೊಡ್ಡ ಮಗಳು ವಾರಿಜಳ ಪುಟ ಮಾತ್ರ ತೆರೆಯುವುದಿಲ್ಲ.

ಅದನ್ನು ಮಾಡುತ್ತಿರುವವಳು ಸಣ್ಣ ಮಗಳ ಮಗಳು ಅನುಷ್ಕಾ. ಎಂತ ಕೆಟ್ಟಿದೆ ಎಂದು ಕೇಳಿದೆ.

"ಕೆಟ್ಟದ್ದಲ್ಲ ಅಜ್ಜಿ. ದೊಡ್ಡಮ್ಮನ ಪುಟ ಮಾಡಿ ಇಟ್ಟಿದ್ದೇನೆ. ಆದ್ರೆ ಯಾವ ವಿಳಾಸಕ್ಕೆ ಯಾವ ಪುಟ ಅಂತ ಪಿಎಚ್‌ಪಿಗೆ, ಅಂದ್ರೆ ವೆಬ್‌ಸೈಟ್ ನಡೆಸುವ ಭಾಷೆಗೆ, ಒಂದು ಸಾಲು ಬರೆದು ಹೇಳ್ಬೇಕು. ಅದಕ್ಕೆ ರೂಟ್ ಅಂತಾರೆ. ಅದು ಬರೀಲಿಲ್ಲ."

"ಒಂದು ಸಾಲಿಗೆ ಕೈ ನೋಯ್ತದಾ ಮಾರಾಯ್ತಿ?"

"ನೋಣಯ್ಯಜ್ಜ ಬೇಡ ಅಂದ್ರು."

ನೋಣಯ್ಯ ನನ್ನ ತಮ್ಮ, ಕುಟುಂಬದ ಯಜಮಾನ. ನಮ್ಮಲ್ಲಿ ಸಂತಾನ ನಡೆಯುವುದು ಹೆಣ್ಣಿನಿಂದ. ಹಾಗಾಗಿ ವಂಶದ ಪಟ್ಟಿಯಿಂದ ವಾರಿಜಳ ಹೆಸರು ತೆಗೆಯಲು ಅವನಿಗೆ ಧೈರ್ಯವಿಲ್ಲ. ಅವಳು ಕ್ರಿಶ್ಚಿಯನ್ ಹುಡುಗ ಲಯನೆಲ್‌ನನ್ನು ಮದುವೆಯಾದವಳು. ಅವಳ ಗಂಡ, ಮಕ್ಕಳನ್ನು ಊರಿಗೆ ತೋರಿಸಲು ಮನಸ್ಸೂ ಇಲ್ಲ. ಹೆಸರು ಇರಲಿ, ಒಳಗೆ ಹೋಗುವ ದಾರಿ ಬೇಡ. ಎಂಥ ಬುದ್ಧಿ! ದೈವದ ಎದುರು ಎದೆಯುಬ್ಬಿಸಿ ನಿಲ್ಲುವ ಗಂಡಸಿಗೆ ಎರಡು ಮಕ್ಕಳ ಫೋಟೋ ಕಂಡರೆ ಹೆದರಿಕೆ.

ಫೋನಿನಲ್ಲಿ ಬೈದೆ. "ಅಕ್ಕ, ನಿಂಗೆ ಕಂಪ್ಯೂಟರಿನ ವಿಷಯ ಎಂತ ಗೊತ್ತುಂಟು?" ಎಂದು ಇಟ್ಟುಬಿಟ್ಟ.

ಸಂಜೆ ಶಕ್ತಿನಗರದಿಂದ ವಾರಿಜಳದ್ದೇ ಫೋನ್. "ಅಮ್ಮ, ನನ್ನ ಹೆಸರು ಒತ್ತಿದ್ರೆ ಪುಟ ಸಿಗಲಿಲ್ಲ ಅಂತ ಬರ್ತದೆ. ಕೆಲಸ ಇನ್ನೂ ಬಾಕಿ ಉಂಟಾ?"

"ಹೌದು ಮಗಾ, ಬಾಕಿ ಉಂಟು" ಎಂದೆ.

ಅನುಷ್ಕಾಳಿಗೆ ಅವಸರ ಮಾಡಬೇಡ ಎಂದಳು. ದನಿಯಿಂದಲೇ ತಿಳಿಯಿತು, ಅವಳಿಗೆ ಗೊತ್ತಾಗಿದೆ. ನನ್ನನ್ನು ಬಯ್ಯಬಹುದಿತ್ತು, ಬಯ್ಯಲಿಲ್ಲ. ಸುಳ್ಳನ್ನು ನಂಬಿದ ಹಾಗೆ ಮಾಡಿದಳು, ಅದೇ ನನಗೆ ಬೈಗುಳಕ್ಕಿಂತ ಹೆಚ್ಚು ನೋವಾಯಿತು.