ಹೊಸಿಲು ದಾಟದ ಪುಸ್ತಕಗಳಿಗೆ ಸಿಕ್ಕ ಸೊನ್ನೆ

ಗ್ರಂಥಾಲಯಗಳ ಮಾನ್ಯ ಪ್ರಾದೇಶಿಕ ನಿರ್ದೇಶಕರೇ,

ಎಲ್ಲರೂ ಕ್ಷೇಮವೇ? ನಿಮ್ಮ ಕಚೇರಿಯ ಬಾಗಿಲು ಕಾಯುವ ಬುರಾವಿಯವರ ಮಂಡಿನೋವು ಇಳಿಯಿತೇ? ಎರಡನೇ ಮಹಡಿಯ ದಲೀಲಾಳ ಮಗುವಿಗೆ ಹಲ್ಲು ಬಂತೇ? ಲಾರಿಯ ಲಸ್ಸಾದ್‌ನ ಬೆನ್ನು ಹೇಗಿದೆ? ನಮ್ಮ ಪುಸ್ತಕಗಳನ್ನೆಲ್ಲ ಒಬ್ಬನೇ ಹೊತ್ತು ಲಾರಿಗೆ ತುಂಬಿದವನು ಅವನು, ಪಾಪ. ನಿಮ್ಮನ್ನು ಕಾಣಲು ಹಡಗು ಹತ್ತಿ ಬಂದಾಗಲೆಲ್ಲ ನನ್ನೊಡನೆ ಮಾತಾಡಿದವರು ಇವರೇ ಆದ್ದರಿಂದ ಇವರನ್ನೇ ಹೆಸರು ಹಿಡಿದು ಕೇಳುತ್ತಿದ್ದೇನೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಕ್ಷೇಮದ ಬಗ್ಗೆ ನನಗೆ ಚಿಂತೆಯಿಲ್ಲ. ನಿಮ್ಮ ವಾರ್ಷಿಕ ವರದಿಯ ಫೋಟೋಗಳಲ್ಲಿ ನೀವು ಚೆನ್ನಾಗಿಯೇ ಇದ್ದೀರಿ.

ವಿಷಯಕ್ಕೆ ಬರುತ್ತೇನೆ. ನಮ್ಮ ದ್ವೀಪದ ವಾಚನಾಲಯಕ್ಕೆ ಕ್ಯಾಪ್ಟನ್ ಅಮ್ಮಾರ್ ಬಿಟ್ಟುಹೋದ ಪುಸ್ತಕಗಳಷ್ಟನ್ನೂ ನೀವು ಕಳೆದ ತಿಂಗಳು ಹೊರಗೆ ಹಾಕಿಸಿದಿರಿ. ಕೊಟ್ಟ ಕಾರಣ, ಅವನ್ನು ಯಾರೂ ಬಳಸುತ್ತಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಆ ಪ್ರತಿಯೊಂದು ಪುಸ್ತಕದ ಎದುರಿಗೂ ಸೊನ್ನೆ ಇದೆಯಂತೆ. ನಿಜ. ಇರಲೇಬೇಕು. ಆ ಸೊನ್ನೆಯನ್ನು ನಾವು ಇಷ್ಟು ವರ್ಷ ಮುತ್ತಿನ ಹಾಗೆ ಕಾಪಾಡಿಕೊಂಡು ಬಂದಿದ್ದೆವು. ಅದು ಹೇಗೆಂದು ಹೇಳುತ್ತೇನೆ, ಮುಂದಿನ ಸಭೆಗೆ ಇನ್ನೂ ಸಮಯವಿದ್ದರೆ ಓದಿ.

ಕ್ಯಾಪ್ಟನ್ ಅಮ್ಮಾರ್ ಜೀವಮಾನವೆಲ್ಲ ಹಡಗು ನಡೆಸಿದವರು. ನಿಂತ ಬಂದರಿನಲ್ಲೆಲ್ಲ ಪುಸ್ತಕ ಕೊಂಡವರು. ಮಕ್ಕಳಿಲ್ಲದ ಆ ಮನುಷ್ಯ ಕೊನೆಗೆ ಅವನ್ನೆಲ್ಲ ವಾಚನಾಲಯಕ್ಕೆ ಕೊಟ್ಟು, ಹಿಂದಿನವರು ವಕ್ಫ್ ಮಾಡುತ್ತಿದ್ದ ರೀತಿಯಲ್ಲೇ ಊರ ಮುಂದೆ ಒಂದು ಷರತ್ತು ಹಾಕಿದರು: ಪುಸ್ತಕ ಈ ಹೊಸಿಲು ದಾಟಬಾರದು, ಓದುವವರು ದಾಟಿ ಬರಲಿ. ತುನಿಸ್‌ನ ಸರ್ಕಾರ ವಕ್ಫಿನ ಕಾನೂನನ್ನು ತೆಗೆದುಹಾಕಿ ಎಷ್ಟೋ ಕಾಲವಾಯಿತು, ನನಗೂ ಗೊತ್ತು. ಕಾನೂನು ಹೋಯಿತು, ಕೊಟ್ಟ ಮಾತು ಹೋಗಲಿಲ್ಲ. ಅಂದಿನಿಂದ ಆ ಕಪಾಟಿನ ಒಂದು ಪುಸ್ತಕವನ್ನೂ ಯಾರೂ ಮನೆಗೆ ಒಯ್ಯಲಿಲ್ಲ. ಬೇಕಾದವರು ಬಂದು ಕೂತು ಓದಿದರು. ಓದು ಬಾರದವರು ಬಂದು ಕೂತು ಕೇಳಿದರು.

ನಾನು ಮೊದಲು ಕೇಳುವವರ ಸಾಲಿನಲ್ಲಿದ್ದೆ. ಮೀನು ಡಬ್ಬಿ ತುಂಬುವ ಕಾರ್ಖಾನೆಯಿಂದ ಬಂದು, ಕೈಯ ನಾತ ಹೋಗಲೆಂದು ನಿಂಬೆಸಿಪ್ಪೆ ತಿಕ್ಕಿಕೊಂಡು ಕೂರುತ್ತಿದ್ದೆ. ಓದುವವರ ಬೆರಳು ಸಾಲಿನ ಮೇಲೆ ಸರಿಯುವುದನ್ನು ನೋಡುತ್ತಾ ನೋಡುತ್ತಾ ಅಕ್ಷರ ಹತ್ತಿತು. ಈಗ ಬುಧವಾರ ಮಧ್ಯಾಹ್ನ ಓದುವವಳು ನಾನು. ಕೇಳುವ ಹೆಂಗಸರು ಉಣ್ಣೆ ನೂಲುತ್ತಾರೆ, ಬಲೆ ಹೆಣೆಯುತ್ತಾರೆ, ನಡುನಡುವೆ ಕಥೆಯ ಪಾತ್ರಗಳನ್ನು ಬಯ್ಯುತ್ತಾರೆ. ಎಲ್ಲರ ನಡುವೆ ಕುರ್ಚಿಯಲ್ಲಿ ನನ್ನ ಗಂಡನ ಅಕ್ಕ ಮನ್ನೂಬಿಯಾ. ಅಕ್ಕನಿಗೆ ವಯಸ್ಸು ಎಂಬತ್ತು ದಾಟಿದೆ, ಕಾಲು ನಡೆಸುವುದಿಲ್ಲ, ಎದೆಯಲ್ಲಿ ಬಲವಿಲ್ಲ. ನಾಲಿಗೆ ಮಾತ್ರ ಮೊದಲಿನಂತೆಯೇ ಇದೆ.

ಅಕ್ಕ ಹಾಸಿಗೆ ಹಿಡಿದಾಗ, ಪುಸ್ತಕವನ್ನೇ ಮನೆಗೆ ತಂದು ಓದೋಣವೆಂದು ಯಾರೋ ಅಂದರು. ಅಕ್ಕ ಒಪ್ಪಲಿಲ್ಲ. ಹೊಸಿಲು ದಾಟಬಾರದ್ದು ಪುಸ್ತಕ ತಾನೇ, ತನ್ನನ್ನು ದಾಟಿಸಿ ಎಂದಳು. ಹಾಗಾಗಿ ಬ್ರೆಡ್ಡಿನ ಒಲೆಯ ತೀಜಾನಿ ಮತ್ತು ಕಾಫಿ ಅಂಗಡಿಯ ಮೊಂಜಿ ಬುಧವಾರ ಬುಧವಾರ ಅವಳನ್ನು ಕುರ್ಚಿಸಮೇತ ಹೊತ್ತು ತರುತ್ತಾರೆ. ಏರಿನಲ್ಲಿ ತೀಜಾನಿ, "ಅಕ್ಕಾ, ಕ್ಯಾಪ್ಟನ್ನು ಪುಸ್ತಕ ಹೊರೋದು ಬೇಡ ಅಂದ್ರು, ನಿನ್ನ ಹೊರೋದು ಯಾರಿಗೆ ಹೇಳೋಣ?" ಅನ್ನುತ್ತಾನೆ. ಅಕ್ಕ ಮೇಲಿನಿಂದಲೇ, "ಹಿಟ್ಟಿನ ಮೂಟೆ ಹೊತ್ರೆ ಬಾಯಿ ಬಿಡ್ತೀಯೇನೋ? ನಡಿ" ಅನ್ನುತ್ತಾಳೆ.

ಮಾನ್ಯರೇ, ಪುಸ್ತಕ ಮನುಷ್ಯನ ಬಳಿಗೆ ಹೋಗದಿದ್ದಾಗ ಮನುಷ್ಯರನ್ನು ಹೊತ್ತು ಪುಸ್ತಕದ ಬಳಿಗೆ ತಂದ ಊರು ಇದು. ಇದಕ್ಕೆ ನಿಮ್ಮ ಯಂತ್ರ ಬರೆದುಕೊಂಡದ್ದು ಸೊನ್ನೆ. ಏಕೆಂದರೆ ಅದಕ್ಕೆ ಗೊತ್ತಿರುವುದು ಹೊರಗೆ ಹೋದ ಪುಸ್ತಕ, ಒಳಗೆ ಬಂದ ಪುಸ್ತಕ, ಎರಡೇ. ಮನೆಯ ಹೆಂಗಸು ಬಾಗಿಲು ದಾಟಿ ಹೋಗಿಲ್ಲವಾದ್ದರಿಂದ ಅವಳು ಕೆಲಸವನ್ನೇ ಮಾಡಿಲ್ಲ ಅನ್ನುವ ಗಂಡಸರ ಲೆಕ್ಕ ಇದು. ಅದನ್ನು ಕಂಪ್ಯೂಟರಿಗೆ ಕಲಿಸಿದವರು ಯಾರೆಂದು ಊಹಿಸುವುದು ಕಷ್ಟವಲ್ಲ.

ಇನ್ನೊಂದನ್ನೂ ಕೇಳಿ. ಇಂಥ ಆಜ್ಞೆ ಬರಲಿದೆಯೆಂದು ನಮ್ಮ ಗ್ರಂಥಪಾಲಕಿ ನಯೀಮಾಗೆ ಮೊದಲೇ ಸುಳಿವು ಸಿಕ್ಕಿತ್ತು. ಒಳ್ಳೆಯ ಹುಡುಗಿ. ಬುಧವಾರ ನಮ್ಮ ಮುಂದೆ ನಿಂತು ದನಿ ತಗ್ಗಿಸಿ ಹೇಳಿದಳು: "ಸುಮ್ನೆ ಒಂದೊಂದು ಸಲ ಹೊರಗೆ ಹೋಗಿ ಬಂತು ಅಂತ ಒತ್ತಿಬಿಡ್ತೀನಿ. ಬೇರೆ ಕಡೆ ಎಲ್ಲಾ ಹಾಗೇ ಮಾಡ್ತಾರೆ. ಪುಸ್ತಕ ಉಳ್ಕೊಳ್ಳತ್ತೆ." ನಾವೆಲ್ಲ ಒಪ್ಪುವವರೇ ಇದ್ದೆವು. ಅಕ್ಕ ನೂಲುವುದನ್ನು ನಿಲ್ಲಿಸಿದಳು.

"ಹೊರಗೆ ಹೋಯ್ತು ಅಂತ ಬರೀತೀಯಾ?"

"ಸುಳ್ಳೇ ಅಲ್ವಾ ಅಕ್ಕಾ, ನಿಜವಾಗ್ಲೂ ಹೋಗಲ್ವಲ್ಲ."

"ಮಾತು ಕೊಟ್ಟಿದ್ದು ಅಮ್ಮಾರ್‌ಗೆ. ಹೇಗೂ ಸತ್ತಿದಾನಲ್ಲಾ ಅಂತ ಅವ್ನಿಗೆ ಸುಳ್ಳು ಹೇಳಿದ್ರೆ, ನಾಳೆ ನಾನು ಸತ್ತ ಮೇಲೆ ನನಗೂ ಹೇಳ್ತೀರಿ. ಬೇಡ ಮಗಾ."

ನಯೀಮಾ ಒತ್ತಲಿಲ್ಲ. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಸುಳ್ಳು ಒತ್ತಿದ ಊರುಗಳ ಕಪಾಟುಗಳು ತುಂಬಿವೆ. ನಿಜ ಹೇಳಿದ ನಮ್ಮದು ಬರಿದಾಗಿದೆ. ನಿಮ್ಮ ಯೋಜನೆಯ ಹೆಸರು 'ಡಿಜಿಟಲ್ ಯುಗದಲ್ಲಿ ಸಂಗ್ರಹ ಅಭಿವೃದ್ಧಿ' ಎಂದಲ್ಲವೇ? ಸಂಗ್ರಹವನ್ನು ಲಾರಿಗೆ ತುಂಬಿ ಕಳಿಸಿದಿರಿ. ಉಳಿದ ಅಭಿವೃದ್ಧಿಯನ್ನು ಯಾವ ಕಪಾಟಿನಲ್ಲಿಡಬೇಕೋ ನಯೀಮಾಗೆ ತಿಳಿಯುತ್ತಿಲ್ಲ.

ಬದಲಿಗೆ ಟ್ಯಾಬ್ಲೆಟ್ ಕಳಿಸಿದಿರಿ, ಅದರೊಳಗೆ ಸಾವಿರಾರು ಪುಸ್ತಕ. ನಾನು ಯಂತ್ರವನ್ನು ಕಂಡು ಮೂಗು ಮುರಿಯುವ ಮುದುಕಿಯಲ್ಲ. ಅಕ್ಷರ ಬೇಕಾದಷ್ಟು ದೊಡ್ಡದಾಗುತ್ತದೆ, ನನ್ನ ಕಣ್ಣಿಗೆ ಹಬ್ಬವೇ ಆಯಿತು. ಪ್ರವಾಸದ ಪುಸ್ತಕವೊಂದನ್ನು ಹಿಡಿದೆವು. ಒಂಟೆಗಳು ಬಾವಿ ಮುಟ್ಟುವ ಮೊದಲೇ ಬುಧವಾರದ ಹೊತ್ತು ಮುಗಿಯಿತು. ಮುಂದಿನ ಬುಧವಾರ ತೆರೆದರೆ ಪುಸ್ತಕವೇ ಇಲ್ಲ. ಚಂದಾದ ಅವಧಿ ತೀರಿದೆ ಎಂಬ ಸಾಲೊಂದು. ತೀಜಾನಿ ಬಾಗಿಲಲ್ಲೇ ನಿಂತು, "ಮೀನು ಕೊಟ್ಟು, ಬಾಣಲೆಗೆ ಹಾಕಿದ್ಮೇಲೆ ವಾಪಸ್ ಕೇಳೋಕೆ ಬಂದ ಹಾಗಾಯ್ತಲ್ಲ" ಎಂದ. ಹೆಂಗಸರು ನಕ್ಕರು. ಒಂಟೆಗಳು ಇನ್ನೂ ಬಾಯಾರಿಕೊಂಡೇ ಇವೆ.

ನೀವು ದಡದವರು, ನಮ್ಮ ಪದ್ಧತಿ ತಿಳಿದಿರಲಿಕ್ಕಿಲ್ಲ. ಇಲ್ಲಿ ಖರ್ಜೂರದ ಗರಿಗಳನ್ನು ಕಡಲ ತಳಕ್ಕೆ ನೆಟ್ಟು ಮೀನಿಗೆ ಬೇಲಿ ಕಟ್ಟುತ್ತೇವೆ. ಆ ಬೇಲಿ ನಿಲ್ಲುವ ನೀರಿನ ತುಂಡು ಯಾರದೆಂಬುದಕ್ಕೆ ತಾತನ ಕಾಲದ ಹಕ್ಕುಪತ್ರ ಇರುತ್ತದೆ. ಅಲೆ ಬಂದು ಹೋಗುತ್ತದೆ, ಜಾಗ ನಮ್ಮದೇ. ಹರಿಯುವ ನೀರನ್ನೂ ನಮ್ಮದೆಂದು ಉಳಿಸಿಕೊಂಡವರಿಗೆ, ಕಪಾಟಿನಲ್ಲಿ ಗಟ್ಟಿಯಾಗಿ ನಿಂತಿದ್ದ ಪುಸ್ತಕವನ್ನು ಕಿತ್ತುಕೊಂಡು ಬಾಡಿಗೆಯ ಪುಸ್ತಕ ಕೊಟ್ಟು, ಇದೇ ಭವಿಷ್ಯ ಅನ್ನುತ್ತೀರಿ. ಬಾಡಿಗೆ ನಿಂತ ದಿನ ನಿಮ್ಮ ಗ್ರಂಥಾಲಯದಲ್ಲಿ ಏನಿರುತ್ತದೆ? ಗೋಡೆಯೇ? ಅದರ ಮೇಲೆ ನಿಮ್ಮ ಫೋಟೋವೇ?

ಫೋಟೋ ಎಂದಾಗ ನೆನಪಾಯಿತು. ನೀವು ನಮ್ಮಲ್ಲಿಗೆ ಒಮ್ಮೆ ಬಂದಿದ್ದಿರಿ. ಬುಧವಾರವೇ ಬಂದಿದ್ದಿರಿ. ನಾವು ಎದ್ದು ನಿಂತೆವು, ಅಕ್ಕ ಏಳಲಾರದೆ ಕೈ ಎತ್ತಿದಳು. "ಒಳ್ಳೆಯ ವಾತಾವರಣ" ಎಂದು ಫೋಟೋ ತೆಗೆಸಿದಿರಿ, ಪುದೀನ ಹಾಕಿದ ಚಹಾ ಕುಡಿದಿರಿ, ಹಡಗಿಗೆ ಹೊತ್ತಾಯಿತೆಂದು ಹೊರಟಿರಿ. ಆ ಫೋಟೋ ಈಗ ನಿಮ್ಮ ಯೋಜನೆಯ ವರದಿಯ ಮುಖಪುಟದಲ್ಲಿದೆ. ದಯವಿಟ್ಟು ಒಮ್ಮೆ ನೋಡಿ. ಸುತ್ತ ಕೂತ ಹೆಂಗಸರು, ನಡುವೆ ಕುರ್ಚಿಯಲ್ಲಿ ಅಕ್ಕ, ನನ್ನ ಕೈಯಲ್ಲಿ ಕೆಂಪು ರಟ್ಟಿನ ಒಂದು ಪುಸ್ತಕ. ಯಾರೂ ಬಳಸುತ್ತಿಲ್ಲ ಎಂದು ನೀವು ಹೊರಗೆ ಹಾಕಿಸಿದ ಪುಸ್ತಕಗಳಲ್ಲಿ ಅದೂ ಒಂದು. ಮುಖಪುಟದಲ್ಲಿ ಓದಿಸಿ, ಒಳಪುಟದಲ್ಲಿ ಅದನ್ನೇ ಕಸವೆಂದು ಬರೆದಿದ್ದೀರಿ.

ಅದೊಂದು ಕಾದಂಬರಿ. ದೋಣಿ ಕಟ್ಟುವವನ ಮಗಳೊಬ್ಬಳ ಮೇಲೆ, ಅಪ್ಪನ ದೋಣಿಗೆ ಬೆಂಕಿ ಇಟ್ಟಳೆಂಬ ಅಪವಾದ. ಊರಿಗೆ ಊರೇ ಅವಳನ್ನು ದೂರ ಇಟ್ಟಿದೆ. ಹುಡುಗಿ ಬಾಯಿ ಬಿಡುತ್ತಿಲ್ಲ. ಕೊನೆಯ ಭಾಗಕ್ಕೆ ಕಾಲಿಡುವಷ್ಟರಲ್ಲಿ ನಿಮ್ಮ ಲಾರಿ ಬಂತು. ನಿಮ್ಮ ಟ್ಯಾಬ್ಲೆಟ್ಟಿನಲ್ಲಿ ಹುಡುಕಿದೆವು, ಇಲ್ಲ. ತುನಿಸ್‌ನ ಹಳೆ ಪುಸ್ತಕದ ಅಂಗಡಿಗಳಿಗೆ ನಯೀಮಾ ಫೋನ್ ಮಾಡಿದಳು, ಅಲ್ಲೂ ಇಲ್ಲ. ಅಚ್ಚು ಹಾಕಿದವರು ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದೆ. ದೋಣಿಗೆ ಬೆಂಕಿ ಇಟ್ಟವನು ಹುಡುಗಿಯ ಮಾವ ಎಂದು ತೀಜಾನಿಯ ವಾದ, ಅಪ್ಪನೇ ಎಂದು ಅಕ್ಕನ ವಾದ. ವೈದ್ಯರು ಬಂದು ಎದೆ ಕೇಳಿ ಹೋದ ದಿನ ಅಕ್ಕ ನನಗೆ ಹೇಳಿದಳು: "ಯಾರು ಸುಟ್ರು ಅಂತ ಗೊತ್ತಾಗೋವರ್ಗೂ ನಾನೆಲ್ಲಿಗೂ ಹೋಗಲ್ಲ ಕಣೇ. ಆ ಹುಡುಗಿ ಮೇಲೆ ಅಪವಾದ ಬಿಟ್ಟು ಹೋದ್ರೆ ನಿದ್ದೆ ಬರತ್ತಾ?"

ಇವತ್ತಿಗೂ ಬುಧವಾರ ಕುರ್ಚಿ ಬರುತ್ತದೆ. ಖಾಲಿ ಕಪಾಟಿನ ಮುಂದೆ ಇಳಿಸುವಾಗ ಮೊಂಜಿ ಸಂಕಟದಿಂದ, ಯಾಕಕ್ಕಾ ಇನ್ನೂ ಬರೋದು ಎಂದು ಕೇಳಿದ. "ಪುಸ್ತಕದ ಕೈಲಿ ಮಾತು ತಪ್ಪಿಸಿದ್ರು ಅಂತ ನಾನೂ ತಪ್ಪಲಾ? ಇಳಿಸೋ" ಎಂದಳು.

ನನ್ನ ಬೇಡಿಕೆ ದೊಡ್ಡದಲ್ಲ. ಕ್ಯಾಪ್ಟನ್ ಅಮ್ಮಾರ್ ಅವರ ಪುಸ್ತಕಗಳನ್ನು ಹೋದ ಹಡಗಿನಲ್ಲೇ ವಾಪಸು ಕಳಿಸಿ. ಲಸ್ಸಾದ್‌ನ ಬೆನ್ನಿಗೆ ಹೆಚ್ಚಾದರೆ ಇಳಿಸಲು ಊರೇ ಬಂದರಿನಲ್ಲಿರುತ್ತದೆ. ಕೂತು ಓದಿದವರನ್ನೂ ಕೇಳಿದವರನ್ನೂ ಲೆಕ್ಕಕ್ಕೆ ಹಿಡಿಯಲು ನಿಮ್ಮ ಯಂತ್ರಕ್ಕೆ ಕಲಿಸಿ. ಟ್ಯಾಬ್ಲೆಟ್ಟೂ ಇರಲಿ, ಆದರೆ ಅದರೊಳಗಿನ ಪುಸ್ತಕವನ್ನು ಕೊಂಡು ಕೊಡಿ, ಬಾಡಿಗೆಗೆ ಬೇಡ. ಅಷ್ಟರಲ್ಲೇ ಅವೆಲ್ಲ ರದ್ದಿಯಾಗಿ ಹೋಗಿದ್ದರೆ, ಒಂದು ಬುಧವಾರ ನೀವೇ ಬನ್ನಿ. ಚಹಾ ಇರುತ್ತದೆ. ಅಕ್ಕನ ಎದುರು ಮಣೆ ಹಾಕಿಕೊಂಡು ಕೂತು, ಆ ದೋಣಿಗೆ ಬೆಂಕಿ ಇಟ್ಟವರು ಯಾರೆಂದು ನಿಮ್ಮ ಬಾಯಿಂದಲೇ ಹೇಳಿ.

ಉತ್ತರವನ್ನು ಕಾಗದದ ಮೇಲೆ ಬರೆಯಿರಿ, ಅವಧಿ ತೀರಿ ಮಾಯವಾಗುವಂಥದ್ದು ಬೇಡ. ಬರುವ ಬುಧವಾರ ಈ ಪತ್ರವನ್ನು ನಮ್ಮ ಹೆಂಗಸರ ಮುಂದೆ ಓದುವವಳಿದ್ದೇನೆ. ಮಳೆಗಾಲ ಕಾಣುವುದು ಅನುಮಾನವೆಂದು ವೈದ್ಯರು ಅಕ್ಕನ ಬಗ್ಗೆ ಹೇಳಿದ್ದಾರೆ. ಆ ಒಂದು ಸಾಲನ್ನು ಮಾತ್ರ ಬಿಟ್ಟು ಓದುತ್ತೇನೆ.

ಇಂತಿ,
ನಿಮ್ಮ ಲೆಕ್ಕದಲ್ಲಿ ಒಂದು ಪುಸ್ತಕವನ್ನೂ ಓದದವಳು,
ಝಕಿಯಾ

ಬೇಗ ಬರೆಯಿರಿ.