ತುಂಬಿಸಿಟ್ಟ ಊಟದ ಡಬ್ಬಿ

ಡಾರೆಲ್,

ಗಣಿ ಧೂಳಿನ ಎದೆ ರೋಗಕ್ಕೆ ಪರಿಹಾರ ಕೇಳಿದ ವಿಚಾರಣೆಗೆ ಪಕ್ಕದ ಮನೆ ಹೋಬರ್ಟನ ಗಾಡಿಯಲ್ಲಿ ಪೈಕ್‌ವಿಲ್‌ ಕೋರ್ಟಿಗೆ ಹೊರಟೆ. ಆಕ್ಸಿಜನ್ ಸಿಲಿಂಡರ್ ಜೊತೆಗಿದೆ. ನಾಯಿಗೆ ಊಟ ಹಾಕಿಯಾಗಿದೆ.

ಹೋದ ಸಲ ಕಂಪನಿ ವಕೀಲ ಧೂಳಿನ ಅಳತೆಯ ಹಳೇ ಕಾಗದ ತೋರಿಸಿ ಏನಂದ ಗೊತ್ತಲ್ಲ? "ನಿಮ್ ಗಣೀಲಿ ಧೂಳೇ ಇರ್ಲಿಲ್ವಲ್ಲ ಅಜ್ಜ, ಎದೆ ಕೆಡ್ಸಿದ್ದು ನಿಮ್ ಸಿಗರೇಟು." ನಾನು ಬಾಯಿ ಮುಚ್ಚಿಕೊಂಡು ಬಂದೆ. ಆ ಕಾಗದದ ಸುಳ್ಳು ನನ್ನ ಕೈಯದೇ. ಧೂಳು ಅಳೆಯುವ ದಿನ ಮೇಸ್ತ್ರಿ, "ಧೂಳು ಜಾಸ್ತಿ ತೋರ್ಸಿ ಗಣಿ ಮುಚ್ಸಿ ಮನೇಲಿ ಕೂರ್ತೀಯೇನಯ್ಯಾ?" ಅನ್ನುತ್ತಿದ್ದ. ಎದೆಗೆ ಸಿಕ್ಕಿಸಬೇಕಾದ ಅಳತೆಯ ಯಂತ್ರವನ್ನು ಧೂಳು ತಾಗದಂತೆ ಊಟದ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕುತ್ತಿದ್ದೆ. ಇಪ್ಪತ್ತಾರು ವರ್ಷ! ಇವತ್ತು ಜಡ್ಜಿಗೆ ಅದನ್ನೇ ಹೇಳುತ್ತೇನೆ.

ಇವತ್ತು ನಿಮ್ಮ ಗಣಿಯಲ್ಲೂ ಅಳತೆಯಂತೆ. ಡಬ್ಬಿ ಅರ್ಧ ಖಾಲಿ ಬಿಡು ಎಂದು ಟ್ಯಾಮಿಗೆ ಹೇಳಿದ್ದೀಯಂತೆ. ಪಾಪ, ಗಂಡನಿಗೆ ಹಸಿವಿಲ್ಲ ಎಂದುಕೊಂಡಿದ್ದಾಳೆ ಹುಡುಗಿ. ನನ್ನ ಕೆಮ್ಮು ಕೇಳುತ್ತಲೇ ಬೆಳೆದೆಯಲ್ಲೋ, ನಾಚಿಕೆಯಾಗಲಿಲ್ಲವೇ?

ಡಬ್ಬಿ ನಾನೇ ಕಟ್ಟಿದ್ದೇನೆ. ಮೆಕ್ಕೆಜೋಳದ ಬ್ರೆಡ್ಡು, ಬೀನ್ಸು, ಎರಡು ಸೇಬು. ಒತ್ತಿ ಮುಚ್ಚಿದ್ದೇನೆ, ಬೆರಳು ತೂರಿಸಲೂ ಜಾಗವಿಲ್ಲ. ಯಂತ್ರ ನಿನ್ನ ಎದೆಯ ಮೇಲೇ ಇರಲಿ. ಮೇಸ್ತ್ರಿ ಕೇಳಿದರೆ, ಅಪ್ಪ ಜಾಗ ಬಿಡಲಿಲ್ಲ ಅನ್ನು.

ಅಪ್ಪ